ಈನಾಕನ ಲೆಕ್ಕ

ನಮ್ಮೂರಲ್ಲಿ ಯಾವ ಕೆಲಸ ಕೆಟ್ಟರೂ ಅದಕ್ಕೆ ಒಂದೇ ಹೆಸರಿತ್ತು, 'ಈನಾಕನ ಲೆಕ್ಕ'. ಬಡಗಿ ಬಾಗಿಲನ್ನು ಸೊಟ್ಟಗೆ ಕೂರಿಸಿದನೋ, ಈನಾಕನ ಲೆಕ್ಕ. ಡಜನ್ ಮೊಟ್ಟೆಯಲ್ಲಿ ಒಂದು ಕಮ್ಮಿ ಬಂತೋ, ಈನಾಕನ ಲೆಕ್ಕ. ಪಾದ್ರಿ ಪ್ರಾರ್ಥನೆಯಲ್ಲಿ ಒಂದು ಸಾಲು ನುಂಗಿದರೂ ಹಿಂದಿನ ಬೆಂಚಿನವರು ಮೊಣಕೈಯಲ್ಲಿ ತಿವಿದುಕೊಂಡು ಅದನ್ನೇ ಅನ್ನುತ್ತಿದ್ದರು. ಹೊಸದಾಗಿ ಬಂದವರಿಗೆ ಈ ಈನಾಕ್ ಯಾರು ಅಂತಲೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಈನಾಕ್ ಸ್ಟ್ರೌಡ್ ನನ್ನಪ್ಪ.

ನಾನು ಥರ್ಜಾ. ಅಮೆರಿಕದ ಇಂಡಿಯಾನಾದ ಈ ಊರಿನ ಸ್ಟೇಷನ್ನಿನಲ್ಲಿ ಊಟದ ಮನೆ ನಡೆಸುವವಳು. ಇಂಜಿನ್ನಿಗೆ ನೀರು ತುಂಬಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಅರವತ್ತು ಜನರಿಗೆ ಹಂದಿಮಾಂಸ, ಬೀನ್ಸು, ಜೋಳದ ರೊಟ್ಟಿ, ಕಾಫಿ ಬಡಿಸಿ ಕಳಿಸಬೇಕು. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ, "ಗಂಡಸರು ಉಣ್ಣೋದನ್ನ ದಿನಾ ನೋಡ್ತೀನಲ್ಲ, ಸಾಕು" ಅನ್ನುತ್ತಿದ್ದೆ. ನಿಜ ಬೇರೆ. ಹೊಟ್ಟೆಯಲ್ಲಿ ಒಂದು ಉರಿ ಇಟ್ಟುಕೊಂಡಿದ್ದೆ, ಅದರ ಜೊತೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಆ ಉರಿಯ ಹೆಸರು ಕ್ಯಾಲ್ವಿನ್ ಪೆಲ್ಹಮ್.

ಮೊದಲಿಂದ ಹೇಳುತ್ತೇನೆ. ಹದಿನೆಂಟುನೂರ ಮೂವತ್ತೊಂಬತ್ತನೇ ಇಸವಿಯಲ್ಲಿ ಇಲ್ಲಿ ಊರೂ ಇಲ್ಲ, ರೈಲೂ ಇಲ್ಲ, ಬರೀ ಕಾಡು. ಆ ಕಾಡನ್ನು ಅಳೆದು ಚೌಕ ಚೌಕ ಮಾಡಿ ಮಾರಲು ಸರ್ಕಾರ ಸರ್ವೆಯವರನ್ನು ಕಳಿಸಿತು. ಪೆಲ್ಹಮ್ ಆಗ ಇಪ್ಪತ್ನಾಲ್ಕರ ಚಿಗುರು ಮೀಸೆಯವನು, ಅದು ಅವನ ಮೊದಲ ಸರ್ವೆ. ನಮ್ಮಪ್ಪ ಅವನ ಕೈಕೆಳಗೆ ಸರಪಳಿ ಹಿಡಿಯುವ ಆಳು. ಸರಪಳಿ ಅಂದರೆ ಅರವತ್ತಾರು ಅಡಿ, ನೂರು ಕೊಂಡಿ. ಮುಂದಿನವನು ಎಳೆದುಕೊಂಡು ಹೋಗುತ್ತಾನೆ, ಹಿಂದಿನವನು "ಚುಚ್ಚು!" ಅಂತ ಕೂಗುತ್ತಾನೆ. ಮುಂದಿನವನು ನೆಲಕ್ಕೆ ಕಬ್ಬಿಣದ ಸರಳು ಚುಚ್ಚಿ "ಚುಚ್ಚಿದೆ!" ಅನ್ನುತ್ತಾನೆ. ಹಿಂದಿನವನು ಬರುತ್ತಾ ಆ ಸರಳನ್ನು ಬಗ್ಗಿ ಎತ್ತಿಕೊಳ್ಳುತ್ತಾನೆ. ಹತ್ತು ಸರಳು ಕೈಗೆ ಬಂದರೆ ಒಂದು ಸುತ್ತು, ನಾಲ್ಕು ಸುತ್ತಾದರೆ ಅರ್ಧ ಮೈಲಿ. ಹಿಂದಿನವನು ಒಂದು ಸರಳು ಎತ್ತದೆ ಬಿಟ್ಟನೋ, ಆ ಸರಪಳಿ ಎಣಿಕೆಗೆ ಸಿಗುವುದಿಲ್ಲ. ಅಳತೆ ಅರವತ್ತಾರು ಅಡಿ ಮುಂದಕ್ಕೆ ಹೋಗಿಬಿಡುತ್ತದೆ. ನಮ್ಮಪ್ಪ ಹಿಂದಿನವನು.

ಮೂಡಣ ಗಡಿಕಲ್ಲಿನಿಂದ ಪಡುವಣಕ್ಕೆ ನಲವತ್ತು ಸರಪಳಿ ಅಳೆದು, ಅಲ್ಲಿ ಮೂಲೆಗೂಟ ನೆಟ್ಟರು. ಗೂಟ ಕೊಳೆಯುತ್ತದೆ ಅಂತ ಪಕ್ಕದ ದೊಡ್ಡ ಓಕ್ ಮರದ ತೊಗಟೆ ಸುಲಿದು ಗುರುತು ಕೊರೆದರು. ಅದಕ್ಕೆ ಸಾಕ್ಷಿಮರ ಅನ್ನುತ್ತಾರೆ. ಗುರುತಿನ ಕೆಳಗೆ ಹೆಸರು ಕೊರೆಯುವ ನಿಯಮ ಇಲ್ಲ. ಆದರೂ ಮೊದಲ ಮರ ಅಂತ ಪೆಲ್ಹಮ್ ತನ್ನ ಹೆಸರಿನ ಎರಡು ಅಕ್ಷರ ಕೊರೆದು, ದೂರ ನಿಂತು ನೋಡಿ, ಮತ್ತೆ ಹತ್ತಿರ ಹೋಗಿ ಮರದ ಪುಡಿ ಒರೆಸಿದನಂತೆ. ಅಪ್ಪ ಇದನ್ನು ನಗುತ್ತಾ ಹೇಳುತ್ತಿದ್ದ. ಆಮೇಲೆ ಆ ಮೂಲೆಯಿಂದ ಮೂಡಣಕ್ಕಿರುವ ಜಮೀನನ್ನೇ ಅಪ್ಪ ಕೊಂಡ. ಅದರ ಪಡುವಣ ಅಂಚಿನಲ್ಲಿ, ಓಕ್ ಮರದಿಂದ ಇಪ್ಪತ್ತು ಹೆಜ್ಜೆಗೆ, ಬೇಸಿಗೆಯಲ್ಲೂ ಬತ್ತದ ಒಂದು ಒರತೆ ಇತ್ತು. ಅಪ್ಪನ ಕಣ್ಣು ಅದರ ಮೇಲೆ.

ಹದಿನಾಲ್ಕು ವರ್ಷ ಕಳೆಯಿತು. ಮರದ ಗಾಯಕ್ಕೆ ತೊಗಟೆ ಮುಚ್ಚಿಕೊಂಡು ಗುರುತು ಒಳಗೆ ಹೋಯಿತು. ಆಗ ಪೆಲ್ಹಮ್ ಮತ್ತೆ ಬಂದ, ಈ ಸಲ ರೈಲು ಕಂಪನಿಯ ದೊಡ್ಡ ಸಾಹೇಬನಾಗಿ. ಬರುವ ಮೊದಲೇ ಪಡುವಣದ ಜಮೀನನ್ನು ಸದ್ದಿಲ್ಲದೆ ಕೊಂಡಿದ್ದ. ಇಂಜಿನ್ನಿಗೆ ನೀರು ಬೇಕು, ನೀರು ನಮ್ಮ ಕಡೆ ಇದೆ.

ಅಪ್ಪ ಹೇಳಿದ, "ನೀರು ಎಷ್ಟು ಬೇಕಾದ್ರೂ ತಗೊಳ್ಳಿ ಸಾಹೇಬ್ರೆ. ಒರತೆ ಮಾತ್ರ ಮಾರಲ್ಲ."

ಪೆಲ್ಹಮ್ ಜಗಳ ಆಡಲಿಲ್ಲ. ಊರವರನ್ನೆಲ್ಲ ಸೇರಿಸಿದ, ಅಪ್ಪನ ಹೆಗಲ ಮೇಲೆ ಕೈಹಾಕಿದ. ನಾನು ಹದಿನೇಳರವಳು, ಪಕ್ಕದಲ್ಲೇ ನಿಂತಿದ್ದೆ.

"ಬೇಜಾರು ಮಾಡ್ಕೋಬೇಡ ಈನಾಕ್. ಅವತ್ತು ನೀನು ಒಂದು ಸರಳು ಕಳ್ಕೊಂಡೆ. ಸಂಜೆ ನನಗೆ ಗೊತ್ತಾಗಿ, ನಾನೇ ಗೂಟ ಕಿತ್ತು ಒಂದು ಸರಪಳಿ ಹಿಂದಕ್ಕೆ ನೆಟ್ಟೆ. ನಿನ್ನ ಮಾನ ಉಳೀಲಿ ಅಂತ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನೋಡು, ಸಾಕ್ಷಿಮರ ಅಲ್ಲಿದೆ."

ಅಲ್ಲಿತ್ತು. ಒರತೆಯಿಂದ ಮೂಡಣಕ್ಕೆ ಇನ್ನೊಂದು ಸಣ್ಣ ಓಕ್, ಅದರ ಮೇಲೆ ಗುರುತು. ಹೊಗೆಸೊಪ್ಪಿನ ನೀರು ಬಳಿದು ಹಳೇದು ಮಾಡಿದ್ದು.

"ಸುಳ್ಳು!" ಅಂದ ಅಪ್ಪ. "ಈ ದೊಡ್ಡ ಮರಕ್ಕೆ ಕೊರೆದದ್ದು ನೀವು. ತೊಗಟೆ ಬಿಡಿಸಿ ನೋಡೋಣ."

"ಆ ಮರವನ್ನ ನಾನು ಮುಟ್ಟೇ ಇಲ್ಲ. ಅದು ಈಗ ಕಂಪನಿಯ ಮರ. ಕೊಡಲಿ ಹಾಕಿದ್ರೆ ಜೈಲು, ತಿಳ್ಕೊ."

ಆಮೇಲೆ ತನ್ನದೇ ಹೊಸ ಸರಪಳಿ ತಂದು ತಾನೇ ಅಳೆದು ತೋರಿಸಿದ. ಅದರಲ್ಲಿ ಕೊಂಡಿ ಎಷ್ಟಿದ್ದವೋ, ಯಾರು ಎಣಿಸಿದರು? ಅವನದೇ ಸರಪಳಿ, ಅವನದೇ ಲೆಕ್ಕ. ಒಂದು ವಾರದಲ್ಲಿ ಬೇಲಿ ಬಿತ್ತು. ಅರವತ್ತಾರು ಅಡಿ ಅಗಲದ ಪಟ್ಟಿ, ಒರತೆ ಸಮೇತ ಹೋಯಿತು. ರೈಲು ಹಾದಿಗೆ ಕಂಪನಿಗೆ ಬೇಕಿದ್ದ ಅಗಲವೂ ಅರವತ್ತಾರು ಅಡಿಯೇ! ಊರಲ್ಲಿ ಒಬ್ಬನಿಗಾದರೂ ಇದು ಹೊಳೆಯಬೇಡವೇ? ರೈಲು ಬರುತ್ತದೆ ಅಂತ ಎಲ್ಲರ ಬಾಯಲ್ಲೂ ನೀರು. ಯಾರೂ ತುಟಿ ಬಿಚ್ಚಲಿಲ್ಲ.

ಜಮೀನು ಹೋಗಿದ್ದಕ್ಕೆ ಅಪ್ಪ ಸಾಯಲಿಲ್ಲ. ತನ್ನ ಮೇಲಿನ ನಂಬಿಕೆ ಹೋಗಿ ಸತ್ತ. ಮೊದಲ ವರ್ಷ ಬೈದ. ಎರಡನೇ ವರ್ಷ ಮಾತು ಬಿಟ್ಟ. ಮೂರನೇ ವರ್ಷ ಬೆಳಿಗ್ಗೆ ಎದ್ದು ಗಡಿಕಲ್ಲಿನ ಹತ್ತಿರ ಹೋಗಿ, ಹುಲ್ಲು ಸರಿಸುತ್ತಾ ಬೇಲಿಯವರೆಗೆ ಬರತೊಡಗಿದ. ಸರಳು ಹುಡುಕುತ್ತಿದ್ದ!

"ಏನಪ್ಪಾ ಇದು? ನೀನು ಕಳ್ಕೊಂಡೇ ಇಲ್ವಲ್ಲ!"

"ಅವತ್ತು ಜ್ವರ ಇತ್ತು ಕಣೇ," ಅನ್ನುತ್ತಿದ್ದ ಅಪ್ಪ. "ಮೂವತ್ತು ದಾಟಿದ ಮೇಲೆ ಒಂದು ಕಡೆ ಜೌಗು. ಅಲ್ಲೇನಾದ್ರೂ ಬಿಟ್ನಾ ಅಂತ..."

ಹಗ್ಗ ಹಾಕಿ ಅಳೆದೂ ನೋಡಿದ. ಹಗ್ಗ ಒಣಗಿದ್ದರೆ ಒಂದು ಲೆಕ್ಕ, ಒದ್ದೆಯಾದರೆ ಇನ್ನೊಂದು. ಒಂದು ದಿನ ನಲವತ್ತು, ಮಾರನೇ ದಿನ ನಲವತ್ತೊಂದು. ಬೀದಿಯವರಿಗೆ ತಮಾಷೆ. "ಈನಾಕ್, ಸಿಕ್ತೇನೋ ಸರಳು?" ಐವತ್ತೆಂಟನೇ ಇಸವಿಯ ಮಾರ್ಚಿನಲ್ಲಿ ಹಿಮ ಬೀಳುವಾಗ ಹೋದವನು ಅಲ್ಲೇ ಹುಲ್ಲಿನ ಮೇಲೆ ಬಿದ್ದಿದ್ದ. ಉಗುರಿನಲ್ಲಿ ಮಣ್ಣಿತ್ತು. ಅವನ ಹಗ್ಗವನ್ನು ಕೈಯಲ್ಲಿ ಹಿಡಿದು ನಾನೂ ಒಮ್ಮೆ ಅಳೆದುಬಿಡಲೇ ಅಂದುಕೊಂಡೆ. ಧೈರ್ಯ ಬರಲಿಲ್ಲ. ನಲವತ್ತೊಂದು ಬಂದರೆ? ಹಗ್ಗವನ್ನು ಒಲೆಗೆ ಹಾಕಿದೆ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಹಾಗಾದರೆ ಪೆಲ್ಹಮ್ ಆ ದೊಡ್ಡ ಮರವನ್ನು ಕಡಿಸಲಿಲ್ಲ ಯಾಕೆ? ನಾನು ವರ್ಷಗಟ್ಟಲೆ ಇದನ್ನೇ ಯೋಚಿಸಿದೆ. ಬೇಲಿ ಒಳಗಿದೆ, ಅವನದೇ ಆಳುಗಳಿದ್ದಾರೆ, ಒಂದು ಬೆಳಗಿನ ಕೆಲಸ. ಸುಳ್ಳಿನ ಸಣ್ಣ ಮರವನ್ನು ಹಲಗೆ ಮಾಡಿಸಿ ಹಳಿಯ ಕೆಳಗೆ ಹಾಕಿಸಿದ. ಇದನ್ನು ಮಾತ್ರ ಮುಟ್ಟಲಿಲ್ಲ. ತಪಾಸಣೆಗೆ ಬಂದಾಗಲೆಲ್ಲ ಆ ಮರದ ಬುಡದಲ್ಲಿ ನಿಂತು, ತೊಗಟೆಯ ಉಬ್ಬಿನ ಮೇಲೆ ಕೈ ಆಡಿಸುವುದನ್ನು ನನ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಆಗ ಅರ್ಥವಾಯಿತು. ಸರ್ವೆಯವನು ಏನು ಬೇಕಾದರೂ ಕದ್ದಾನು, ತಾನು ಕೊರೆದ ಮೊದಲ ಸಾಕ್ಷಿಮರಕ್ಕೆ ಕೊಡಲಿ ಹಾಕಲಾರ. ಅವನ ಹೆಸರು ಅದರೊಳಗಿತ್ತು.

ಅವತ್ತಿನಿಂದ ನಾನು ಅವನನ್ನು ಹೊಗಳಲು ಶುರುಮಾಡಿದೆ.

ಊಟಕ್ಕೆ ಕೂತವರಿಗೆಲ್ಲ ಕಾಫಿ ಬಗ್ಗಿಸುತ್ತಾ, "ಕಿಟಕಿ ಆಚೆ ನೋಡಿ, ಆ ಓಕ್ ಮರ! ನಮ್ಮ ಪೆಲ್ಹಮ್ ಸಾಹೇಬ್ರು ಕೈಯಾರೆ ಗುರುತು ಹಾಕಿದ ಮೊದಲ ಮರ ಅದು" ಅನ್ನುತ್ತಿದ್ದೆ. ಪತ್ರಿಕೆಯವನೊಬ್ಬ ಅದನ್ನು ಬರೆದ. ಕಂಪನಿಯ ಕ್ಯಾಲೆಂಡರಿನಲ್ಲಿ ಮರದ ಚಿತ್ರ ಬಂತು, 'ಪೆಲ್ಹಮ್ ಓಕ್'. ಮೊದಮೊದಲು ಪೆಲ್ಹಮ್ ಮಾತು ತೇಲಿಸಿ ಹೋಗುತ್ತಿದ್ದ. ಅವನು ಮೇಲೆ ಮೇಲೆ ಹೋದ, ಕಂಪನಿಗೆ ಉಪಾಧ್ಯಕ್ಷನಾದ, ಹೊಟ್ಟೆಯ ಜೊತೆ ಹೆಮ್ಮೆಯೂ ಬೆಳೆಯಿತು. ಆಮೇಲೆ ಅವನೇ ಹೇಳತೊಡಗಿದ. ನನ್ನ ಗೆಳತಿ, ತಂತಿ ಆಫೀಸಿನ ಫೀಬಿ, ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಬಂದಳು.

"ಅಲ್ಲ ಥರ್ಜಾ, ನಿಂಗೆ ನಾಚಿಕೆ ಇಲ್ವಾ? ಅಪ್ಪನ್ನ ತಿಂದವನ ಹೆಸರಲ್ಲಿ ಭಜನೆ ಮಾಡ್ತೀಯಲ್ಲ!"

"ಅಟ್ಟಕ್ಕೆ ಏರಿಸ್ತಿದ್ದೀನಿ ಕಣೇ," ಅಂದೆ. "ಏಣಿ ಆಮೇಲೆ ತೆಗೀತೀನಿ."

ಎಂಬತ್ತೊಂದನೇ ಇಸವಿಯ ಅಕ್ಟೋಬರಿನಲ್ಲಿ ಕಲ್ಲಿನ ಹೊಸ ಸ್ಟೇಷನ್ ತೆರೆಯಲು ಪೆಲ್ಹಮ್ ಬಂದ. ವಯಸ್ಸು ಅರವತ್ತಾರು, ಒಂದು ಸರಪಳಿ ಪೂರ್ತಿ. ಬಾಗಿಲ ಮೇಲೆ ಅವನ ಹೆಸರು ಕೆತ್ತಿತ್ತು. ಓಕ್ ಮರದ ಕೆಳಗೆ ವೇದಿಕೆ, ಬ್ಯಾಂಡು, ಬಾವುಟ. ಒಂದು ಮೇಜಿನ ಮೇಲೆ ಹೂವಿನ ನಡುವೆ ಅವನ ಮೊದಲ ಸರ್ವೆಯ ಸಾಮಾನು: ದಿಕ್ಸೂಚಿ, ಹಳೇ ಸರಪಳಿ, ಕೆಂಪು ಬಟ್ಟೆ ಕಟ್ಟಿದ ಸರಳುಗಳು. ಬೆಳಿಗ್ಗೆ ಮೇಜು ಒರೆಸುವಾಗ ಸರಳು ಎಣಿಸಿದೆ. ಹತ್ತೂ ಇದ್ದವು. ಇನ್ನೊಮ್ಮೆ ಎಣಿಸಿದೆ.

ಊಟಕ್ಕೆ ಹೇಂಟೆ ಕೋಳಿ, ಕುಂಬಳಕಾಯಿ ತುಂಬಿ ಸುಟ್ಟ ಪೈ, ಸೇಬಿನ ಬ್ರಾಂಡಿ. ಬ್ರಾಂಡಿಯನ್ನು ಅವನ ಲೋಟಕ್ಕೆ ಮೂರು ಸಲ ನಾನೇ ಬಗ್ಗಿಸಿದೆ. ಭಾಷಣಕ್ಕೆ ಎದ್ದು ಮರದ ಮೇಲೆ ಅಂಗೈ ಇಟ್ಟು, ಕಣ್ಣು ಒದ್ದೆ ಮಾಡಿಕೊಂಡು ಅಂದ: "ನಲವತ್ತೆರಡು ವರ್ಷದ ಹಿಂದೆ, ಈ ಕೈಯಿಂದ, ಈ ಮರಕ್ಕೆ ನನ್ನ ಮೊದಲ ಗುರುತು ಕೊರೆದೆ."

ಆರುನೂರು ಜನ ಕೇಳಿಸಿಕೊಂಡರು. ವೇದಿಕೆಯ ಮೇಲೆ ಜಿಲ್ಲಾ ಜಡ್ಜ್ ಟಿಬೆಟ್ಸ್ ಕೂತಿದ್ದರು, ಅವರೂ ಕೇಳಿಸಿಕೊಂಡರು.

"ಆ ಗುರುತನ್ನ ನಾವೂ ನೋಡ್ಬೇಕು ಸಾಹೇಬ್ರೇ!" ಅಂತ ಕೂಗಿದೆ. "ನಾಳೆ ನಮ್ಮ ಮಕ್ಕಳಿಗೆ ಹೇಳೋಕಾಗತ್ತೆ."

ಜನ ಕೇಕೆ ಹಾಕಿದರು. ತೋರಿಸಿ, ತೋರಿಸಿ! ಪೆಲ್ಹಮನ ಕೈ ಮರದ ಮೇಲಿಂದ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಗೈಯನ್ನು ಕೋಟಿಗೆ ಒರೆಸಿಕೊಂಡ.

"ಸಾಕ್ಷಿಮರಕ್ಕೆ ಕೊಡಲಿ ಹಾಕೋದು ಅಪರಾಧ."

"ನನ್ನ ಅಪ್ಪಣೆ ಇದೆ ಬಿಡಿ," ಅಂದರು ಜಡ್ಜ್, ನಗುತ್ತಾ. ಪಾಪ, ಅವರಿಗೂ ಬ್ರಾಂಡಿ ಏರಿತ್ತು.

ಕಂಪನಿಯ ಬಡಗಿಯೇ ಉಬ್ಬಿನ ಮೇಲೆ ಕೆಳಗೆ ಗರಗಸ ಹಾಕಿ, ಬೆಣೆ ಹೊಡೆದ. ಮುಚ್ಚಿಕೊಂಡಿದ್ದ ಮರ ದಪ್ಪ ಹಲಗೆಯಾಗಿ ಕಳಚಿ ಬಂತು. ಒಳಗೆ ಕಪ್ಪಗೆ, ಚೊಕ್ಕವಾಗಿ, ಮೂಲೆಯ ಗುರುತು. ಕೆಳಗೆ ಸಿ.ಪಿ. ಕಳಚಿದ ಹಲಗೆಯ ಹಿಂಬದಿಯಲ್ಲಿ ಅದೇ ಅಕ್ಷರ ಉಲ್ಟಾ ಉಬ್ಬಿತ್ತು. ವರ್ಷಕ್ಕೊಂದರಂತೆ ಬೆಳೆದ ಉಂಗುರಗಳನ್ನು ಬಡಗಿ ಎಣಿಸಿದ, ನಲವತ್ತೆರಡು. ಜನ ಟೋಪಿ ಹಾರಿಸಿದರು, ಬ್ಯಾಂಡು ಹೊಡೆದರು.

ಬ್ಯಾಂಡು ನಿಂತ ಮೇಲೆ ಕೇಳಿದೆ, "ಜಡ್ಜ್ ಸಾಹೇಬ್ರೇ, ಸಾಕ್ಷಿಮರ ಇದು ಅಂದ್ರೆ ಮೂಲೆ ಇಲ್ಲೇ ಇತ್ತು ಅಂತ ಆಯ್ತು. ಐವತ್ಮೂರರಲ್ಲಿ ಈ ಮರವನ್ನ ಮುಟ್ಟೇ ಇಲ್ಲ ಅಂದಿದ್ರು ಇವರು. ನಮ್ಮಪ್ಪನ ಒರತೆ ಇವರದ್ದು ಹೇಗಾಯ್ತು?"

ಜಡ್ಜ್ ಮುಖದ ನಗು ಆರಿತು. ಹಳಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಆದರೆ ಪೆಲ್ಹಮ್ ಸುಮ್ಮನೆ ದೊಡ್ಡವನಾದವನಲ್ಲ. ಒಂದು ಗುಟುಕು ನೀರು ಕುಡಿದ.

"ಮುಚ್ಚಿಟ್ಟೆ, ಒಪ್ತೀನಿ. ಯಾಕೆ? ಈನಾಕ್ ಸರಳು ಕಳೆದಿದ್ದರಿಂದ ಮೊದಲು ತಪ್ಪು ಜಾಗದಲ್ಲಿ, ಇಲ್ಲಿ ಕೊರೆದೆ. ಆಮೇಲೆ ತಿದ್ದಿದೆ. ಒಬ್ಬ ಬಡವನ ಮರ್ಯಾದೆಗೆ."

"ಹತ್ತು ಸರಳೂ ಮೇಜಿನ ಮೇಲಿವೆಯಲ್ಲ!"

"ಒಂದು ಹೊಸದಾಗಿ ಮಾಡಿಸಿದ್ದು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು ಅಂದರು, "ಈನಾಕನ ಲೆಕ್ಕ!" ಆ ನಗು ನನ್ನ ಬೆನ್ನಿಗೆ ಬಿತ್ತು. ಇಪ್ಪತ್ಮೂರು ವರ್ಷ ತಪ್ಪಿಸಿಕೊಂಡಿದ್ದ ಜಾಗಕ್ಕೆ ಬಂದು ನಿಂತಿದ್ದೆ. ಇನ್ನು ಉಳಿದಿದ್ದು ಒಂದೇ ದಾರಿ. ನಲವತ್ತೊಂದು ಬಂದರೆ ಅಪ್ಪನನ್ನು ನನ್ನ ಕೈಯಾರೆ ಎರಡನೇ ಸಲ ಹೂತ ಹಾಗೆ.

"ಅಳೆಯೋಣ," ಅಂದೆ. "ಗಡಿಕಲ್ಲು ಅಲ್ಲೇ ಇದೆ. ಸರಪಳಿ ಇಲ್ಲಿದೆ. ಈ ಮರಕ್ಕೆ ನಲವತ್ತೊಂದು ಬಂದ್ರೆ ತಪ್ಪು ನಮ್ಮಪ್ಪನದ್ದು, ನಾನು ಈ ಊರು ಬಿಡ್ತೀನಿ. ನಲವತ್ತು ಬಂದ್ರೆ ಕಳ್ಳ ಯಾರು ಅಂತ ನೀವೇ ಹೇಳಿ. ಮುಂದೆ ನಾನು ಎಳೀತೀನಿ. ಹಿಂದೆ ಸರಳು ಎತ್ತೋರು ಸಾಹೇಬ್ರೇ ಆಗ್ಬೇಕು."

"ನನಗೆ ಅರವತ್ತಾರು ವರ್ಷ!"

"ಹಾಗಾದ್ರೆ ಕೋರ್ಟಿನಲ್ಲಿ ಕೂತೇ ಮಾತಾಡೋಣ ಪೆಲ್ಹಮ್," ಅಂದರು ಜಡ್ಜ್ ತಣ್ಣಗೆ. "ಆ ಹಲಗೆ ನನ್ನ ಹತ್ತಿರ ಇರತ್ತೆ."

ಪೆಲ್ಹಮ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಜಡ್ಜ್ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಣಿಸಿದರು. ನೂರು, ಸರಿಯಾಗಿತ್ತು. ಜನವೆಲ್ಲ ನಮ್ಮ ಹಿಂದೆ ಗಡಿಕಲ್ಲಿಗೆ ನಡೆದರು.

"ಕೂಗಿ ಸಾಹೇಬ್ರೇ. ಕೂಗದೆ ನಾನು ಚುಚ್ಚಲ್ಲ."

"ಚುಚ್ಚು," ಅಂದ ಸಣ್ಣಗೆ.

"ಕೇಳಿಸಲಿಲ್ಲ!"

"ಚುಚ್ಚು!"

"ಚುಚ್ಚಿದೆ!"

ಹೀಗೆ ಹೊರಟೆವು. ಒಂದೊಂದು ಸರಳಿಗೂ ಅವನು ಬಗ್ಗಬೇಕು, ಒಂದು ಕೈ ಮಂಡಿಗೆ ಕೊಟ್ಟು ಏಳಬೇಕು. ಅವನ ಕೈ ಸರಿಯಾಗಿ ಸರಳಿನ ಬುಡದಲ್ಲಿದೆಯೇ ಅಂತ ಜಡ್ಜ್ ಪಕ್ಕದಲ್ಲೇ ನೋಡುತ್ತಾ ನಡೆದರು. ಹತ್ತಾಯಿತು. ಇಪ್ಪತ್ತಾಯಿತು. ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿತು. ಹೊಳೆಯುವ ಬೂಟು ಕೆಸರಾಯಿತು. ನನಗೆ ಅಯ್ಯೋ ಅನಿಸಿತೇ? ಇಲ್ಲ. ಪ್ರತಿ ಸಲ ಬಗ್ಗಿದಾಗಲೂ ಎದೆಗೆ ತಂಪು ನೀರು ಹೊಯ್ದ ಹಾಗಾಗುತ್ತಿತ್ತು. ಮೂವತ್ತನ್ನು ಎಣಿಸಿ ನನಗೆ ಸರಳು ಒಪ್ಪಿಸುವಾಗ ಅವನು ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಅಂದ:

"ಸಾಕು ಥರ್ಜಾ. ನಲವತ್ತೇ ಬರತ್ತೆ. ನಿನಗೂ ಗೊತ್ತು, ನನಗೂ ಗೊತ್ತು. ಒರತೆ ತಗೋ, ಏನು ಬೇಕೋ ಕೇಳು. ಇಲ್ಲಿಗೆ ನಿಲ್ಲಿಸು."

ನನಗೆ ಗೊತ್ತಿರಲಿಲ್ಲ! ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಸರಪಳಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮುಂದೆ ಜೌಗು ಇತ್ತು. ಅಪ್ಪ ವರ್ಷಗಟ್ಟಲೆ ಬೆರಳಲ್ಲಿ ಕೆದಕಿದ ಜೌಗು.

"ಇನ್ನೂ ಹತ್ತಿದೆ," ಅಂದೆ. "ಬಗ್ಗಿ ಸಾಹೇಬ್ರೇ."

ಜೌಗಿನಲ್ಲಿ ಅವನು ಎರಡು ಸಲ ಮಂಡಿಯೂರಿ ಬಿದ್ದ. ಯಾರೂ ನಗಲಿಲ್ಲ. ಯಾರೂ ಎತ್ತಲೂ ಇಲ್ಲ. ಕೊನೆಯ ಸರಳನ್ನು ನಾನು ಚುಚ್ಚಿದಾಗ ಓಕ್ ಮರದ ಗುರುತು ನನ್ನ ಮೂಗಿಗೆ ನೇರ ಇತ್ತು, ಎರಡು ಗೇಣಿನ ದೂರ. ಅವನು ಬಂದು ಅದನ್ನು ಎತ್ತಿದ. ಕೈಯಲ್ಲಿ ಹತ್ತು ಸರಳು.

"ಎಷ್ಟಾಯ್ತು? ನೀವೇ ಹೇಳಿ."

"ನಲವತ್ತು."

"ಸರಳು ಯಾರು ಕಳೆದದ್ದು?"

ಅವನು ಮರಕ್ಕೆ ಒರಗಿಕೊಂಡ. ತನ್ನ ಹೆಸರಿಗೇ ಒರಗಿಕೊಂಡಿದ್ದ. "ಯಾರೂ ಕಳೆಯಲಿಲ್ಲ," ಅಂದ. "ಈನಾಕ್ ಒಂದೂ ಕಳೆಯಲಿಲ್ಲ. ನಾನು ಸುಳ್ಳು ಹೇಳಿದೆ."

ಉಪ್ಪು ತಿಂದವನು ನೀರು ಕುಡಿದ. ಬಾಗಿಲ ಮೇಲಿನ ಹೆಸರನ್ನು ಮುಂದಿನ ತಿಂಗಳೇ ಉಳಿಯಿಂದ ಕೆರೆದರು. ಕಂಪನಿ ಅವನನ್ನು ಮನೆಗೆ ಕಳಿಸಿತು, ಒರತೆ ನನಗೆ ಬಂತು, ಇಂಜಿನ್ನುಗಳು ಈಗ ನನ್ನ ನೀರು ಕುಡಿಯುತ್ತವೆ. ಊಟದ ಮನೆಯಲ್ಲಿ ಯಾರಾದರೂ ಮೋಸ ಮಾಡಿದರೆ ಜನ 'ಪೆಲ್ಹಮನ ಸರಪಳಿ' ಅನ್ನುತ್ತಾರೆ. ಚೊಕ್ಕ ಕೆಲಸಕ್ಕೆ, ನಂಬಿದರೆ ನಂಬಿ, 'ಈನಾಕನ ಲೆಕ್ಕ' ಅನ್ನುತ್ತಾರೆ. ನಾಲ್ಕು ವರ್ಷಕ್ಕೆ ಅವನು ಸತ್ತ ಸುದ್ದಿ ತಂತಿಯಲ್ಲಿ ಬಂದಾಗ ನಾನು ಪೈ ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ. ಕ್ಷಮಿಸಿದೆಯಾ ಅಂತ ಪಾದ್ರಿ ಕೇಳಿದರು. ಇಲ್ಲ ಅಂದೆ.

ಒಂದು ಮಾತು ಮಾತ್ರ ಪಾದ್ರಿಗೆ ಹೇಳಲಿಲ್ಲ. ಅಳತೆ ಮುಗಿದ ಆ ಸಂಜೆ ಸರಳೊಂದನ್ನು ತೆಗೆದುಕೊಂಡು ಅಪ್ಪನ ಗೋರಿಗೆ ಹೋಗಿದ್ದೆ. ಅವನಿಗೆ ಗೆದ್ದೆವು ಅಂತ ಹೇಳಬೇಕು ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. "ಅಪ್ಪಾ, ನಾನೂ ನಿನ್ನ ನಂಬಿರಲಿಲ್ಲ. ಹಗ್ಗ ಸುಟ್ಟುಬಿಟ್ಟೆ." ಪೆಲ್ಹಮನನ್ನು ನಲವತ್ತು ಸಲ ಬಗ್ಗಿಸಿದ್ದೆ. ಸರಳನ್ನು ಗೋರಿಯ ತಲೆಕಡೆ ಚುಚ್ಚಲು ನಲವತ್ತೊಂದನೇ ಸಲ ಬಗ್ಗಿದವಳು ನಾನು.

"ಚುಚ್ಚಿದೆ," ಅಂದೆ. ಎತ್ತಿಕೊಳ್ಳಲು ಹಿಂದೆ ಯಾರೂ ಇರಲಿಲ್ಲ.